ಕಟ್ಟಿದ ಬೋಟಿಗೂ ಕೆಲಸ ಉಂಟು

"ಎರಡು ಮೀಟರ್ ಹಗ್ಗದಲ್ಲಿ ಬೋಟು ಕಟ್ಟುವವ ಒಂದೋ ಹೊಸಬ, ಇಲ್ಲದಿದ್ರೆ ಬೋಟು ಅವನದ್ದಲ್ಲ."

ಮಂಗಳೂರು ಹಳೆ ಬಂದರಿನ ದಕ್ಕೆಯಲ್ಲಿ, ಮೇ ಕೊನೆಯ ಒಂದು ಬೆಳಿಗ್ಗೆ, ಬೋಟು ನಡೆಸುವ ಬೆಂಗ್ರೆಯ ಹಿರಿಯ ತಂಡೇಲರೊಬ್ಬರು ಎಲ್ಲರಿಗೂ ಕೇಳುವಂತೆ ಹೇಳಿದ ಮಾತಿದು. ಬೈಸಿಕೊಂಡ ಹುಡುಗ ತಲೆ ಕೆರೆದುಕೊಂಡು ಗಂಟು ಬಿಚ್ಚತೊಡಗಿದ. ನಾನು ದಕ್ಕೆಗೆ ಹೋಗಿದ್ದು ಹಂಚಿನ ರಫ್ತಿನ ಬಗ್ಗೆ ಒಂದು ಬರಹಕ್ಕೆ ಮಾಹಿತಿ ಹುಡುಕಿಕೊಂಡು. ಆ ಬರಹ ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಆವತ್ತಿನಿಂದ ನನ್ನ ತಲೆಯಲ್ಲಿ ತುಂಬಿಕೊಂಡಿರುವುದು ಹಗ್ಗ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ ಎಂಬುದು ಕರಾವಳಿಯ ಮಕ್ಕಳಿಗೂ ಗೊತ್ತು. ಆ 61 ದಿನ ಮೀನಿನ ದರ ಎಲ್ಲಿಗೇರಿತು, ಹೊರ ಊರಿನ ಕಾರ್ಮಿಕರು ಯಾವ ರೈಲು ಹತ್ತಿದರು ಎಂದು ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಬೋಟುಗಳಿಗೆ ರಜೆ ಎಂದು ಶೀರ್ಷಿಕೆ ಕೊಟ್ಟು ಸಾಲುಸಾಲು ಬೋಟಿನ ಫೋಟೊ ಹಾಕಿದರೆ ಸುದ್ದಿ ಮುಗಿಯಿತು. ವರ್ಷದಲ್ಲಿ ಹೊಳೆ ಅತಿ ಕೆಟ್ಟದಾಗಿ ವರ್ತಿಸುವ ಎರಡು ತಿಂಗಳು, ಐವತ್ತು ಅರವತ್ತು ಅಡಿ ಉದ್ದದ ನೂರಾರು ಬೋಟುಗಳು ಹೊಳೆಯ ದಂಡೆಯಲ್ಲಿ ಬರೀ ಹಗ್ಗದ ಮೇಲೆ ನಂಬಿಕೆಯಿಟ್ಟು ನಿಂತಿರುತ್ತವೆ. ಆ ಹಗ್ಗ ಕಟ್ಟಿದವರು ಯಾರು, ಹೇಗೆ ಕಟ್ಟಿದರು ಎಂದು ಕೇಳಿದವರು ಕಡಿಮೆ.

ನಾನು ತುಂಗಭದ್ರೆಯ ಕಡೆಯವನು. ನಮ್ಮಲ್ಲಿ ಹರಿಗೋಲು ಕಟ್ಟಿ ನಿಲ್ಲಿಸುವ ತಾಪತ್ರಯವೇ ಇಲ್ಲ. ಕೆಲಸ ಮುಗಿದರೆ ಎತ್ತಿ ತಲೆಯ ಮೇಲೆ ಹೊತ್ತು ತಂದು ದಡದ ಬಂಡೆಯ ಮೇಲೆ ಬೋರಲು ಹಾಕುತ್ತಾರೆ. ಇದನ್ನು ತಂಡೇಲರಿಗೆ ಹೇಳಿದಾಗ ಅವರು ಬೀಡಿ ತೆಗೆದು ನಕ್ಕರು. "ಒಳ್ಳೆದೇ ಮಾರಾಯ್ರೆ. ಇದನ್ನೂ ಹೊತ್ತುಕೊಂಡು ಹೋಗಿ ನೋಡುವಾ." ಆಮೇಲೆ, ಇವನಿಗೆ ಮೊದಲಿನಿಂದ ಹೇಳಬೇಕು ಎಂದು ಅನ್ನಿಸಿತೋ ಏನೋ, ಹುಡುಗ ಬಿಚ್ಚಿಟ್ಟಿದ್ದ ಹಗ್ಗದ ತುದಿ ನನ್ನ ಕೈಗೇ ಕೊಟ್ಟರು.

ಹಳೆ ಬಂದರಿನ ಹತ್ತಿರ ಹೊಳೆ ಹೇಗಿದೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಘಟ್ಟದಿಂದ ಪಡುವಣಕ್ಕೆ ಹರಿದು ಬಂದ ಗುರುಪುರ ಹೊಳೆ, ಫಲ್ಗುಣಿ ಎಂದರೂ ಅದೇ, ಕಡಲು ಕೂಗಳತೆಯಲ್ಲಿದ್ದರೂ ಅದನ್ನು ಸೇರದೆ ತೆಂಕಕ್ಕೆ ತಿರುಗಿಬಿಡುತ್ತದೆ. ನಡುವೆ ಬೆಂಗ್ರೆಯ ಮರಳಿನ ನಾಲಗೆ. ಅದರ ಮಗ್ಗುಲಲ್ಲೇ ಹರಿದು ನೇತ್ರಾವತಿಯನ್ನು ಕೂಡಿಕೊಂಡು ಅಳಿವೆ ಬಾಗಿಲಿನಲ್ಲಿ ಕಡಲಿಗೆ ಬೀಳುತ್ತದೆ. ಹಾಗಾಗಿ ದಕ್ಕೆಯ ಮುಂದಿನ ನೀರು ಅರ್ಧ ಹೊಳೆ, ಅರ್ಧ ಕಡಲು. ಭರತದಲ್ಲಿ ಏರುತ್ತದೆ, ಇಳಿತದಲ್ಲಿ ಇಳಿಯುತ್ತದೆ; ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಈ ಏರಿಳಿತ ನಾಲ್ಕೈದು ಅಡಿಯವರೆಗೆ ಹೋಗುತ್ತದೆ. ದಿನಕ್ಕೆ ಎರಡು ಸಲ ಏರು, ಎರಡು ಸಲ ಇಳಿ. ಅದೂ ನಿನ್ನೆಯ ಹೊತ್ತಿಗಲ್ಲ, ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ದಕ್ಕೆಯ ಕಾಂಕ್ರೀಟು ಮಾತ್ರ ಇದ್ದಲ್ಲೇ ಇರುತ್ತದೆ. ಏರಿಳಿಯುವ ಬೋಟನ್ನು ಏರಿಳಿಯದ ಗೂಟಕ್ಕೆ ಕಟ್ಟಬೇಕು. ತಾಪತ್ರಯವೆಲ್ಲ ಇಲ್ಲಿಂದ ಶುರು.

ಹುಡುಗ ಕಟ್ಟಿದ್ದು ಭರತದ ಹೊತ್ತಿನಲ್ಲಿ, ಬೋಟಿನ ಅಂಚು ದಕ್ಕೆಯ ಮಟ್ಟಕ್ಕೇ ಇದ್ದಾಗ, ಎದುರಿನ ಗೂಟಕ್ಕೆ ನೇರವಾಗಿ, ಚೆನ್ನಾಗಿ ಬಿಗಿದು. ನೋಡಲು ಅಚ್ಚುಕಟ್ಟು. ಬೋಟು ಅಲ್ಲಾಡುವುದಿಲ್ಲ. ಆದರೆ ಇಳಿತದಲ್ಲಿ ನೀರು ಒಂದೂವರೆ ಮೀಟರ್ ಕೆಳಗೆ ಹೋದರೆ? ಆಮೇಲೆ ಕೋಣೆಗೆ ಬಂದು ನಾನು ಶಾಲೆಯ ಲಂಬಕೋನ ತ್ರಿಭುಜದ ಲೆಕ್ಕ ಹಾಕಿದೆ. ಎರಡು ಮೀಟರ್ ದೂರದ ಗೂಟಕ್ಕೆ ಎರಡು ಮೀಟರ್ ಹಗ್ಗ ಕಟ್ಟಿ ಬೋಟು ಒಂದೂವರೆ ಮೀಟರ್ ಇಳಿದರೆ ಬೇಕಾಗುವ ಹಗ್ಗ ಎರಡೂವರೆ ಮೀಟರ್. ಅರ್ಧ ಮೀಟರ್ ಕೊರತೆ. ಅದನ್ನು ಯಾರಾದರೂ ಕೊಡಲೇಬೇಕು. ಹಗ್ಗ ಕಡಿಯಬೇಕು, ಗೂಟ ಕಿತ್ತುಬರಬೇಕು, ಇಲ್ಲವೇ ಬೋಟು ಒಂದು ಮಗ್ಗುಲಿಗೆ ನೇತಾಡಬೇಕು. ಅದೇ ಬೋಟನ್ನು ಹತ್ತು ಮೀಟರ್ ಆಚೆಯ ಗೂಟಕ್ಕೆ ಓರೆಯಾಗಿ ಕಟ್ಟಿದರೆ ಕೊರತೆ ಬೀಳುವುದು ಬರೇ 11 ಸೆಂಟಿಮೀಟರ್. ಹಗ್ಗ ಹಿಗ್ಗುವುದರಲ್ಲೇ ಅದು ಸರಿಹೋಗುತ್ತದೆ. ತಂಡೇಲರು ಪೈಥಾಗೊರಸನ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಬೋಟಿನ ಮೂತಿಯ ಹಗ್ಗವನ್ನು ಎದುರಿನ ಗೂಟ ಬಿಟ್ಟು ಅದರ ಮುಂದಿನದಕ್ಕೆ, ಕೆಲವೊಮ್ಮೆ ಅದಕ್ಕೂ ಮುಂದಿನದಕ್ಕೆ ಒಯ್ಯಿಸುತ್ತಾರೆ. ಹಿಂಬದಿಯ ಹಗ್ಗ ಹಿಂದಕ್ಕೆ. ಎರಡೂ ಉದ್ದ, ಎರಡೂ ಓರೆ.

ಅಷ್ಟಕ್ಕೇ ಬಿಟ್ಟರೆ ಬೋಟು ಹಿಂದೆ ಮುಂದೆ ಸರಿದಾಡುತ್ತದೆ. ಅದಕ್ಕೆ ಇನ್ನೆರಡು ಹಗ್ಗ. ಒಂದು ಮೂತಿಯ ಕಡೆಯಿಂದ ಹೊರಟು ಹಿಂದಿನ ಗೂಟಕ್ಕೆ, ಇನ್ನೊಂದು ಹಿಂಬದಿಯಿಂದ ಹೊರಟು ಮುಂದಿನ ಗೂಟಕ್ಕೆ, ಬೋಟಿನ ಮಗ್ಗುಲಿಗೆ ಕತ್ತರಿ ಹಾಕಿದಂತೆ. ಬೋಟು ಮುಂದೆ ಹೋಗಲು ನೋಡಿದರೆ ಒಂದು ತಡೆಯುತ್ತದೆ, ಹಿಂದೆ ಸರಿದರೆ ಇನ್ನೊಂದು. ಏರಿಳಿತಕ್ಕೆ ಯಾವುದೂ ಅಡ್ಡಬರುವುದಿಲ್ಲ. ನಾಲ್ಕೂ ಕಟ್ಟಿಯಾದ ಮೇಲೆ ತಂಡೇಲರು ಮಾಡಿದ ಕೆಲಸ ನನಗೆ ತುಂಬ ಹಿಡಿಸಿತು. ಚಪ್ಪಲಿ ಕಳಚಿಟ್ಟು, ಒಂದೊಂದು ಹಗ್ಗದ ನಡುಭಾಗವನ್ನು ಬರಿಗಾಲಿನಿಂದ ಮೆಲ್ಲಗೆ ಒತ್ತಿದರು. ಅಂಗಾಲಿಗೆ ಹಗ್ಗ ಎಷ್ಟು ಬಗ್ಗುತ್ತದೆ, ಎಷ್ಟು ಬೇಗ ಮೇಲೆ ಬರುತ್ತದೆ ಎಂಬುದರಲ್ಲೇ ಅವರ ಲೆಕ್ಕ. ಮೂರನೆಯದಕ್ಕೆ ಒಂದು ಗೇಣು ಬಿಡಿಸಿದರು. ಯಾಕೆ ಎಂದು ಕೇಳಿದೆ. "ಅದೊಂದೇ ಎಲ್ಲ ಕೆಲಸ ಮಾಡ್ತಾ ಉಂಟು. ಉಳಿದ ಮೂರು ಸುಮ್ಮನೆ ಕೂತಿವೆ. ಹಾಗೆ ಬಿಟ್ರೆ ಅದು ಮೊದಲು ಹೋಗ್ತದೆ, ಮತ್ತೆ ಉಳಿದದ್ದು ಒಂದೊಂದಾಗಿ."

ದಕ್ಕೆಯ ಅಂಚಿಗೆ ಹಗ್ಗ ಉಜ್ಜುವ ಕಡೆ ಅವರು ಹಳೆಯ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿದ್ದರು. ಹಗ್ಗ ಎಳೆತಕ್ಕೆ ಕಡಿಯುವುದಕ್ಕಿಂತ ಉಜ್ಜಿ ಉಜ್ಜಿ ಸವೆದು ಕಡಿಯುವುದೇ ಹೆಚ್ಚಂತೆ; ಎರಡು ತಿಂಗಳು ಹಗಲೂ ರಾತ್ರಿ ಕಾಂಕ್ರೀಟಿನ ಒಂದೇ ಮೂಲೆಗೆ ಉಜ್ಜಿದರೆ ಯಾವ ಹಗ್ಗವೂ ಬಾಳುವುದಿಲ್ಲ. ಪೈಪಿನ ಆ ತುಂಡಿಗೆ ಕಾಸು ಖರ್ಚಿಲ್ಲ. ಆದರೂ ಸಾಲಿನ ಎಲ್ಲ ಬೋಟುಗಳಲ್ಲಿ ಅದು ಕಾಣಲಿಲ್ಲ ಎಂಬುದನ್ನು ಗಮನಿಸಿದೆ.

ಮೂತಿ ಎತ್ತ? ಬಡಗಿಗೆ. ಇಲ್ಲಿ ಹೊಳೆ ಬಡಗಿನಿಂದ ತೆಂಕಕ್ಕೆ ಹರಿಯುವುದರಿಂದ ನೆರೆ ಬರುವುದು ಆ ಕಡೆಯಿಂದ. ನೀರು ಸೀಳಲೆಂದೇ ಮಾಡಿದ ಭಾಗ ಮೂತಿ. ಹಿಂಬದಿ ಅಗಲ, ಚಪ್ಪಟೆ, ಕೆಳಗೆ ಚುಕ್ಕಾಣಿ ಮತ್ತು ಬೋಟನ್ನು ದೂಡುವ ಫ್ಯಾನು. ಹಿಂಬದಿಯನ್ನು ನೆರೆಗೆ ಒಡ್ಡಿದರೆ ತೇಲಿಬರುವ ಮರ, ಬಿದಿರಿನ ಮೆಳೆ, ಪ್ಲಾಸ್ಟಿಕ್ಕು ಎಲ್ಲ ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಭರತದ ನೀರು ಮೇಲ್ಮುಖವಾಗಿ ನುಗ್ಗುವುದರಿಂದ ಇದು ಅಷ್ಟು ಮುಖ್ಯವಲ್ಲ. ಜೂನ್ ಜುಲೈಯಲ್ಲಿ ಮುಖ್ಯ. ಭರತದ ಹೊತ್ತಿನಲ್ಲಿ ಕಡಲು ಹೊಳೆಯನ್ನು ಹೊರಬಿಡದೆ ತಡೆಯುತ್ತದೆ, ದಕ್ಕೆಯಲ್ಲಿ ನೀರು ಏರುತ್ತದೆ. ಇಳಿತ ಶುರುವಾದ ಕೂಡಲೇ ಹಿಡಿದಿಟ್ಟ ನೆರೆಯೂ ಇಳಿಯುವ ನೀರೂ ಜತೆಯಾಗಿ ಹೊರಡುತ್ತವೆ. ನೀರಿನ ವೇಗ ಎರಡು ಪಟ್ಟಾದರೆ ಬೋಟಿನ ಮೇಲಿನ ಎಳೆತ ನಾಲ್ಕು ಪಟ್ಟಾಗುತ್ತದೆ, ವೇಗ ಮೂರು ಪಟ್ಟಾದರೆ ಎಳೆತ ಒಂಬತ್ತು ಪಟ್ಟು. "ಭರತಕ್ಕೆ ಹೆದರುದು ಬೇಡ, ಇಳಿತಕ್ಕೆ ಎದ್ದು ಕೂತುಕೊಳ್ಬೇಕು" ಎಂದು ತಂಡೇಲರು ಹೇಳಿದ್ದು ಇದನ್ನೇ.

ಇನ್ನು ಹಗ್ಗದ ವಿಷಯ. ಇದರಲ್ಲಿ ನನಗೆ ಸ್ವಲ್ಪ ಹುಚ್ಚು ಹಿಡಿದಿದೆ, ಓದುಗರು ಸಹಿಸಿಕೊಳ್ಳಬೇಕು.

ದಕ್ಕೆಯಲ್ಲಿ ಈಗ ಕಾಣುವುದು ಎರಡೇ ಜಾತಿ. ಒಂದು ನೈಲಾನ್, ಇನ್ನೊಂದು ನೀಲಿಯೋ ಹಸಿರೋ ಬಣ್ಣದ ಪಾಲಿಪ್ರೊಪಿಲೀನ್. ಎರಡನೆಯದು ಅಗ್ಗ, ನೀರಿನಲ್ಲಿ ತೇಲುತ್ತದೆ. ತೇಲುವುದರಿಂದಲೇ ಹಾದುಹೋಗುವ ಬೋಟಿನ ಫ್ಯಾನಿಗೆ ಸುತ್ತಿಕೊಳ್ಳುತ್ತದೆ, ಬಿಸಿಲಿಗೆ ಪುಡಿಪುಡಿಯಾಗುತ್ತದೆ. ನೈಲಾನ್ ಮುಳುಗುತ್ತದೆ, ಚೆನ್ನಾಗಿ ಹಿಗ್ಗುತ್ತದೆ, ಜಗ್ಗು ಬಿದ್ದಾಗ ಹಿಗ್ಗಿ ತಾಳಿಕೊಳ್ಳುತ್ತದೆ. ಅದರ ಕೆಟ್ಟ ಗುಣವೂ ಅದೇ. ಹಿಗ್ಗಿದ ನೈಲಾನ್ ಹಗ್ಗ ಕಡಿದರೆ ತುಂಡು ತುದಿ ಬೀಸಿ ಬರುವ ರಭಸಕ್ಕೆ ಕೈಕಾಲು ಮುರಿಯಬಹುದು, ಜೀವವೇ ಹೋಗಬಹುದು. ಬಿಗಿದ ಹಗ್ಗದ ನೇರಕ್ಕೆ ನಿಲ್ಲಬಾರದು ಎಂದು ನನ್ನನ್ನು ತಂಡೇಲರು ಎರಡು ಸಲ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದರು.

ಇವೆರಡೂ ಬರುವ ಮೊದಲು? ತೆಂಗಿನ ನಾರು. ನಾರಿನ ಹಗ್ಗ ಹೊರಲು ಭಾರ, ಕೈಗೆ ಒರಟು, ಅದೇ ದಪ್ಪದ ಸೆಣಬಿನ ಹಗ್ಗದಷ್ಟು ಬಲವೂ ಅದಕ್ಕಿಲ್ಲ. ಆದರೆ ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ, ನೀರಿನ ಮೇಲೆ ತೇಲುತ್ತದೆ, ಹಿಗ್ಗುತ್ತದೆ. ದೊಡ್ಡ ಹಡಗುಗಳನ್ನು ಎಳೆಯುವ ಹಗ್ಗದ ನಡುವೆ ಜಗ್ಗು ತಾಳಲೆಂದೇ ನಾರಿನ ಹಗ್ಗದ ತುಂಡನ್ನು ಜೋಡಿಸುವ ಪದ್ಧತಿ ಯುರೋಪಿನ ನಾವಿಕರಲ್ಲೂ ಇತ್ತು. ನಾರಿನ ಈ ಗುಣವನ್ನು ಹದಿನಾಲ್ಕನೆಯ ಶತಮಾನದಲ್ಲೇ ಗುರುತಿಸಿದವನು ಇಬ್ನ್ ಬತೂತ. ಮಂಗಳೂರಿಗೂ ಬಂದು ಹೋದ ಈ ಮೊರಾಕ್ಕೊದವನು, ಮಾಲ್ಡೀವ್ಸ್‌ನ ವಿಷಯ ಬರೆಯುವಾಗ, ಈ ಕಡಲಿನ ಹಡಗುಗಳ ಹಲಗೆಗಳನ್ನು ನಾರಿನಿಂದ ಹೊಲಿಯುವುದೇಕೆಂದು ವಿವರಿಸುತ್ತಾನೆ. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆ, ಹೊಲಿದದ್ದು ಬಳುಕುತ್ತದೆ, ಉಳಿಯುತ್ತದೆ ಎನ್ನುವುದು ಅವನ ಅಭಿಪ್ರಾಯ. ದಕ್ಕೆಯಲ್ಲಿ ನಿಂತು ಆರು ಚಿಲ್ಲರೆ ಶತಮಾನದ ಆಚೆಯ ಈ ಮಾತು ನೆನಪಾಗಿ ನನಗೆ ಖುಷಿಯೋ ಖುಷಿ. ತಂಡೇಲರಿಗೆ ಹೇಳಿದೆ. "ಅವ ಸರಿ ಹೇಳಿದ್ದಾನೆ" ಎಂದರು, ಪಕ್ಕದ ದಕ್ಕೆಯವನ ಬಗ್ಗೆ ಹೇಳುವಂತೆ.

ಮಂಗಳೂರಿಗೆ ಒಳ್ಳೆಯ ನಾರು ಬರುತ್ತಿದ್ದದ್ದು ಅಮೀನ್‌ದೀವಿ ದ್ವೀಪಗಳಿಂದ. ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ. ಇವತ್ತು ಲಕ್ಷದ್ವೀಪದ ನಕ್ಷೆಯಲ್ಲಿ ಇವನ್ನು ನೋಡುವವರಿಗೆ, 1956ರ ನವೆಂಬರ್ 1ರವರೆಗೆ ಇವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು ಎಂದರೆ ನಂಬಿಕೆ ಬರುವುದಿಲ್ಲ. ಹೇಗಾಯಿತೆಂದರೆ, ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅಲ್ಲಿನವರು ತಮ್ಮ ನಾರನ್ನೆಲ್ಲ ಆ ಮನೆತನಕ್ಕೇ, ಅವರು ಗೊತ್ತುಮಾಡಿದ ದರಕ್ಕೇ ಕೊಡಬೇಕೆಂಬ ಕಟ್ಟಳೆಯಾಯಿತು. ದರ ಕಡಿಮೆ, ಬದಲಿಗೆ ಸಿಗುವುದು ಅಕ್ಕಿ. ಅಮೀನಿಯವರು ಸಿಡಿದೆದ್ದು 1780ರ ದಶಕದಲ್ಲಿ ಟಿಪ್ಪುವಿನ ಮೊರೆಹೊಕ್ಕರು. ಟಿಪ್ಪು ಈ ಐದು ದ್ವೀಪಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೆನರಾದ ಜತೆಗೇ ದ್ವೀಪಗಳೂ ಕಂಪನಿಯ ಪಾಲಾದವು. ಯಾವುದರ ವಿರುದ್ಧ ಅಮೀನಿಯವರು ದಂಗೆಯೆದ್ದಿದ್ದರೋ ಅದು ಮಾತ್ರ ಹೋಗಲಿಲ್ಲ. ನಾರು ಸರಕಾರಕ್ಕೇ ಎಂಬ ಏಕಸ್ವಾಮ್ಯವನ್ನು ಬಿಳಿಯರೂ ನಡೆಸಿಕೊಂಡು ಬಂದರು. ಮಳೆಗಾಲ ಮುಗಿದ ಮೇಲೆ ದ್ವೀಪದ ಓಡಗಳು ನಾರಿನ ಹುರಿ ಹೇರಿಕೊಂಡು ಈ ಹೊಳೆಗೆ ಬರುತ್ತಿದ್ದವು, ತೂಕ ಹಾಕಿಸಿ ಅಕ್ಕಿ ತುಂಬಿಕೊಂಡು ಹೊರಡುತ್ತಿದ್ದವು.

ಆ ನಾರಿನ ಹಿಂದಿನ ದುಡಿಮೆ ನೋಡಿ. ಸಿಪ್ಪೆಯನ್ನು ಹವಳದ ಲಗೂನಿನ ದಡದಲ್ಲಿ ಗುಂಡಿ ತೋಡಿ, ತೇಲಿಹೋಗದಂತೆ ಕಲ್ಲು ಹೇರಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಬೇಕು. ಆಮೇಲೆ ಹೆಂಗಸರು ಅದನ್ನು ತೆಗೆದು ಕೊಡತಿಯಲ್ಲಿ ಬಡಿದು, ತೊಳೆದು, ಒಣಗಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡಬೇಕು. ಮಂಗಳೂರಿನ ಬಂದರಿನಲ್ಲಿ ಒಂದು ಹಡಗು ಸುರಕ್ಷಿತವಾಗಿ ನಿಂತಿತ್ತು ಎಂದರೆ ಕಡಲಿನಾಚೆಯ ಕಿಲ್ತಾನಿನ ಹೆಂಗಸೊಬ್ಬಳ ಅಂಗೈ ಅದನ್ನು ಹಿಡಿದುಕೊಂಡಿತ್ತು. ಅವಳಿಗೆ ಸಿಕ್ಕಿದ್ದು ಗೊತ್ತುಮಾಡಿದ ದರದ ಅಕ್ಕಿ. ಬಂದರಿನ ಚರಿತ್ರೆಯೆಂದರೆ ನಾವು ಮೆಣಸು, ಹಂಚು, ಗೋಡಂಬಿ ಎಂದು ಶುರುಮಾಡುತ್ತೇವೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದನ್ನು ಎಲ್ಲರೂ ಬರೆಯುತ್ತಾರೆ, ನಾನೂ ಬರೆಯಲು ಹೊರಟಿದ್ದೆ. ಆ ಹಂಚು ಹೇರಿಕೊಂಡ ಹಡಗು ಕಟ್ಟಿದ್ದು ಯಾವ ಹಗ್ಗಕ್ಕೆ ಎಂದು ಯಾರೂ ಕೇಳಿದಂತಿಲ್ಲ.

ಇದನ್ನೆಲ್ಲ ಉತ್ಸಾಹದಿಂದ ಹೇಳಿ, ಈಗಲೂ ನಾರಿನ ಹಗ್ಗವೇ ಒಳ್ಳೆಯದಲ್ಲವೇ ಎಂದೆ. ತಂಡೇಲರು ಒಪ್ಪಲಿಲ್ಲ. "ನಮ್ಮ ಅಜ್ಜನ ಹಗ್ಗ ಹೊರ್ಲಿಕ್ಕೆ ನಾಲ್ಕು ಜನ ಬೇಕು. ಒದ್ದೆಯಾದ್ರೆ ಆರು ಜನ. ನೈಲಾನ್ ಬಂದದ್ದು ಪುಣ್ಯ. ನಿಮಗೆ ಬರಿಲಿಕ್ಕೆ ಚಂದ ಕಾಣ್ತದೆ, ಅಷ್ಟೇ." ಉತ್ತರಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ಆದರೂ ದಕ್ಕೆಗೂ ಬೋಟಿಗೂ ನಡುವೆ ಇಳಿಬಿಟ್ಟಿರುವ ಹಳೆ ಟಯರುಗಳ ಸಾಲಿನಲ್ಲಿ ಒಂದು ಕಡೆ ನಾರಿನ ಹಗ್ಗದಲ್ಲೇ ಹೆಣೆದ ದಪ್ಪ ಉಂಡೆಯೊಂದು ನೇತಾಡುತ್ತಿತ್ತು. ಅದನ್ನು ತೋರಿಸಿದೆ. "ಅದು ಮಂಜಿಯವರದ್ದು" ಎಂದು ಬೇರೆ ಕಡೆ ನೋಡಿದರು.

ಮಂಜಿ ಎಂಬ ಸರಕು ಹಡಗುಗಳು ಈ ಹೊಳೆಗೆ ಈಗಲೂ ಬರುತ್ತವೆ, ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಒಯ್ಯುತ್ತವೆ. ದೊಡ್ಡ ಹಡಗುಗಳೆಲ್ಲ 1974ರಲ್ಲಿ ಪಣಂಬೂರಿನ ಹೊಸ ಬಂದರಿಗೆ ಹೋದವು. ಹಳೆ ಬಂದರಿಗೆ ಉಳಿದದ್ದು ಮೀನು ಮತ್ತು ಮಂಜಿ. 2025ರ ಮೇ ತಿಂಗಳಿನಲ್ಲಿ ಇಲ್ಲಿಂದ ಸಿಮೆಂಟು, ಕಟ್ಟಡದ ಸಾಮಾನು ಹೇರಿಕೊಂಡು ಹೊರಟ 'ಸಲಾಮತ್' ಎಂಬ ಮಂಜಿ ನಡುಗಡಲಿನಲ್ಲಿ ಮುಳುಗಿತು, ಅದರಲ್ಲಿದ್ದ ಆರು ಜನರನ್ನು ಕೋಸ್ಟ್ ಗಾರ್ಡ್ ಹಡಗು ರಕ್ಷಿಸಿತು. ಅದು ಹೊರಟಿದ್ದು ಕಡಮತ್‌ಗೆ. ಅದೇ ಐದು ದ್ವೀಪಗಳಲ್ಲಿ ಒಂದು.

ಬಂದರಿನಿಂದ ಬಡಗಿಗೆ ಸ್ವಲ್ಪ ದೂರ ಬೋಳೂರಿನಲ್ಲಿ, ಹೊಳೆಯ ಅಂಚಿಗೆ, ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಇದೆ. ಶತ್ರುವಿನ ಯುದ್ಧನೌಕೆಗಳು ಹೊಳೆಗೆ ನುಗ್ಗದಂತೆ 1784ರಲ್ಲಿ ಕಟ್ಟಿದ್ದು. ಜನ ಅಲ್ಲಿಗೆ ಹೋಗುವುದು ಬತ್ತೇರಿ ನೋಡಲು, ಅಥವಾ ಫೆರಿಯಲ್ಲಿ ತಣ್ಣೀರುಬಾವಿ ಬೀಚಿಗೆ ದಾಟಲು. ನಾನು ಹೋಗಿದ್ದು ಫೆರಿಯವನ ಕೈ ನೋಡಲು, ತಂಡೇಲರೇ ಕಳಿಸಿದ್ದು. ಅಲ್ಲಿ ಗಂಟೇ ಇಲ್ಲ. ದೋಣಿ ದಡಕ್ಕೆ ತಾಗುವಾಗ ಹುಡುಗ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾನೆ. ಸ್ಕೂಟರು, ಮಕ್ಕಳು, ಮೀನಿನ ಬುಟ್ಟಿ ಎಲ್ಲ ಇಳಿದು ಹತ್ತುವವರೆಗೆ ದೋಣಿ ನೀರಿನಲ್ಲಿ ಎಳೆದಾಡುತ್ತಿರುತ್ತದೆ, ಅವನು ಮೊಬೈಲು ನೋಡುತ್ತಿರುತ್ತಾನೆ. ಹಿಡಿದಿರುವುದು ಅವನ ತೋಳಲ್ಲ, ಗೂಟದ ಮೇಲಿನ ಉಜ್ಜಾಟ. ಒಂದೊಂದು ಸುತ್ತಿಗೂ ಹಿಡಿತ ಹಲವು ಪಟ್ಟು ಏರುತ್ತದೆ. ತುದಿ ಸಡಿಲಿಸಿದರೆ ಹಗ್ಗ ಜಾರುತ್ತದೆ, ದೋಣಿ ಹೊರಡುತ್ತದೆ.

ದಕ್ಕೆಗೆ ಮರಳಿ ಬಂದು ಇದನ್ನು ಹೇಳಿದಾಗ ತಂಡೇಲರು ತಮ್ಮ ಗಂಟು ತೋರಿಸಿದರು. ಮೊದಲು ಗೂಟಕ್ಕೆ ಪೂರ್ತಿ ಸುತ್ತು. ಆ ಸುತ್ತಿನ ಮೇಲೆ, ಎಳೆತವಿಲ್ಲದ ತುದಿಯಿಂದ ಎರಡು ಸಲ ಕುಣಿಕೆ. ಭಾರವನ್ನೆಲ್ಲ ಸುತ್ತು ಹೊರುತ್ತದೆ, ಕುಣಿಕೆ ಬರೀ ಕಾವಲು. ಹೊಳೆ ಎಷ್ಟೇ ಎಳೆಯುತ್ತಿದ್ದರೂ ಕುಣಿಕೆ ಬಿಚ್ಚಬಹುದು, ಸುತ್ತು ಹಾಗೇ ಇಟ್ಟುಕೊಂಡು ಹಗ್ಗವನ್ನು ಬೇಕಾದಷ್ಟು ಬಿಡಬಹುದು. ಹುಡುಗ ಹಾಕಿದ್ದ ಗಂಟು ಎಳೆದಷ್ಟೂ ಬಿಗಿಯುವಂಥದ್ದು. ನೆರೆಯಲ್ಲಿ ಬಿಚ್ಚಬೇಕಾದರೆ ಕತ್ತಿಯೇ ಗತಿ. "ಕಟ್ಟುದು ಯಾರಿಗೂ ಬರ್ತದೆ. ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಟಾರ್ಚ್ ಇಲ್ಲದೆ ಬಿಚ್ಲಿಕ್ಕೆ ಬರ್ಬೇಕು."

ಬಿಚ್ಚುವ ಮಾತು ಬಂದದ್ದರಿಂದ ಬೆಂಕಿಯ ಮಾತೂ ಬಂತು. ಹೊಳೆಯ ಬದಿಯಲ್ಲಿ ಜಾಗ ಸಾಲದೆ ಬೋಟಿಗೆ ಬೋಟು ಕಟ್ಟುವುದು ಇಲ್ಲೂ ಉಂಟು, ಮಲ್ಪೆಯಲ್ಲೂ ಉಂಟು. ಮೊದಲನೆಯದು ದಕ್ಕೆಗೆ, ಎರಡನೆಯದು ಮೊದಲನೆಯದಕ್ಕೆ, ಹೀಗೆ ಐದಾರು. ಹೊರಗಿನವರು ತಮ್ಮದೂ ಒಂದೊಂದು ಹಗ್ಗವನ್ನು ದಡಕ್ಕೇ ತಂದು ಕಟ್ಟಬೇಕು, ಇಲ್ಲವಾದರೆ ಇಡೀ ಸಾಲಿನ ಭಾರ ಒಳಗಿನ ಬೋಟಿನ ಹಗ್ಗದ ಮೇಲೆ. ಹೀಗೆ ಹೆಣೆದ ಸಾಲಿನಲ್ಲಿ ಒಂದಕ್ಕೆ ಕಿಡಿ ತಗುಲಿದರೆ ಏನಾಗುತ್ತದೆ ಎಂಬುದನ್ನು 2023ರ ನವೆಂಬರ್ ತೋರಿಸಿತು. ದೀಪಾವಳಿಯ ಹೊತ್ತಿಗೆ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ಬೋಟುಗಳು ಸುಟ್ಟುಹೋದವು. ವಾರ ಕಳೆಯುವುದರೊಳಗೆ, 19ರ ರಾತ್ರಿ, ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಸುಮಾರು 40 ಬೋಟು. ಅಲ್ಲಿ ಉರಿಯುತ್ತಿದ್ದ ಬೋಟಿನ ಹಗ್ಗ ಕಡಿದು ಅದನ್ನು ನೀರಿಗೆ ತಳ್ಳಿದ್ದರು; ಗಾಳಿಯೂ ನೀರೂ ಅದನ್ನು ತಿರುಗಿ ಉಳಿದವುಗಳ ಬಳಿಗೇ ತಂದವು ಎಂದು ವರದಿಗಳು ಹೇಳಿದವು. ಬಂಗಾಳ ಕೊಲ್ಲಿಯ ಆ ರಾತ್ರಿಯ ಸುದ್ದಿ ಇಲ್ಲಿನ ದಕ್ಕೆಯಲ್ಲಿ ಎಲ್ಲರಿಗೂ ಬಾಯಿಪಾಠ. ಬೋಟು ಬಿಟ್ಟರೆ ಅದು ಎತ್ತ ಹೋಗುತ್ತದೆ ಎಂದು ಮೊದಲೇ ಯೋಚಿಸಿಡಬೇಕು ಎನ್ನುತ್ತಾರೆ. ಈಗ ಇಳಿತವೋ ಭರತವೋ, ಗಾಳಿ ಯಾವ ಕಡೆಯದು ಎಂದು ಯಾವ ಹೊತ್ತಿನಲ್ಲಿ ಕೇಳಿದರೂ ತಂಡೇಲರು ತಲೆಯೆತ್ತದೆ ಹೇಳುತ್ತಿದ್ದರು.

ಹಗ್ಗವೆಲ್ಲ ಸರಿಯಿದ್ದೂ ಬೋಟು ಮುಳುಗುವ ಇನ್ನೊಂದು ದಾರಿಯಿದೆ, ಅದು ಮಳೆನೀರು. ಕರಾವಳಿಯ ಮಳೆ ಎರಡು ದಿನ ಬಿಡದೆ ಹೊಡೆದರೆ ತಗಡು ಮುಚ್ಚದ ಬೋಟಿನ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಬೋಟು ತಗ್ಗುತ್ತದೆ, ಭಾರವಾಗುತ್ತದೆ, ಎಲ್ಲ ಹಗ್ಗಗಳ ಲೆಕ್ಕ ತಪ್ಪುತ್ತದೆ. ಪಂಪು ಹಾಕಲು ಒಬ್ಬ ಇರಲೇಬೇಕು.

ಇನ್ನೊಂದು ಮಾತೂ ನನಗೆ ಹೊಸದು. ಮಳೆಗಾಲಕ್ಕೆ ಬೋಟು ಹೊಳೆಯಲ್ಲಿ ಕಟ್ಟಿಡುವುದು ತಲೆತಲಾಂತರದ ಪದ್ಧತಿ ಎಂದು ನಾನು ಭಾವಿಸಿದ್ದೆ. ಯಂತ್ರದ ಬೋಟುಗಳು ಬರುವ ಮೊದಲು ನಾಡದೋಣಿಗಳನ್ನು ಊರಿನವರೆಲ್ಲ ಸೇರಿ ಮರಳಿನ ಮೇಲೆ ಎಳೆದು ತಂದು, ಮಡಲು ಹೊದೆಸಿ ಮಲಗಿಸುತ್ತಿದ್ದರಂತೆ. ಹರಿಗೋಲಿನವರ ಹಾಗೆಯೇ! ಎಳೆಯಲಾಗದಷ್ಟು ಭಾರದ ಬೋಟುಗಳು ಬಂದ ಮೇಲೆ ಈ ಕಟ್ಟುವ ವಿದ್ಯೆ ಮೀನುಗಾರರ ಕೈಸೇರಿತು. ಕಲಿಸಿದ್ದು ಬಹುಶಃ ಮಂಜಿಯವರೇ ಇರಬೇಕು, ಇದು ನನ್ನ ಊಹೆ. ತಂಡೇಲರಿಗೂ ಹೊಸದಾದ ಸುದ್ದಿಯೊಂದು ನನ್ನಲ್ಲಿತ್ತು: 2016ರ ಕಾಯ್ದೆಯಲ್ಲಿ ಗುರುಪುರ ಹೊಳೆ 43ನೆಯ ರಾಷ್ಟ್ರೀಯ ಜಲಮಾರ್ಗವಾಯಿತು, ನೇತ್ರಾವತಿ 74ನೆಯದು. ಹೊಳೆಗೆ ನಂಬರು ಸಿಕ್ಕಿದ್ದು ತಂಡೇಲರಿಗೆ ಗೊತ್ತಿರಲಿಲ್ಲ. ಹೇಳಿದೆ. ಗೂಟ ಎಷ್ಟು ಹಾಕ್ತಾರಂತೆ ಎಂದು ಕೇಳಿದರು.

ಹೊರಡುವ ಮೊದಲು, ಸಾಲಿನಲ್ಲಿ ಯಾವ ಜಾಗ ಒಳ್ಳೆಯದು ಎಂದು ವಿಚಾರಿಸಿದೆ. ಅಲ್ಲೇ ಇದ್ದ ಬೋಟಿನ ಯಜಮಾನರಿಬ್ಬರು ಒಮ್ಮೆಗೇ ಬಾಯಿ ಹಾಕಿದರು. ಒಳಗಿನ ಬೋಟಿಗೆ ಗಾಳಿ ಕಡಿಮೆ, ಆದರೆ ದಕ್ಕೆಗೆ ಉಜ್ಜಿ ಮೈ ಸವೆಯುತ್ತದೆ, ಆಗಸ್ಟ್ 1ಕ್ಕೆ ಹೊರಗಿನವರೆಲ್ಲ ಬಿಚ್ಚಿಕೊಂಡು ಹೋಗುವವರೆಗೆ ಅಲ್ಲಾಡುವಂತಿಲ್ಲ. ಹೊರಗಿನದಕ್ಕೆ ತೇಲಿಬರುವ ಮರದ ಪೆಟ್ಟು ಮೊದಲು, ಹಾಗೆಯೇ ಋತುವಿನ ಮೊದಲ ಮೀನೂ ಮೊದಲು. ಎರಡು ತಿಂಗಳ ನಿಷೇಧದ ಮೇಲೆ ಬರುವ ಆ ಮೊದಲ ದಿನಗಳ ದರವೇ ಬೇರೆ. ಜಗಳ ಬಗೆಹರಿಯಲಿಲ್ಲ. ಸಾಲಿನ ಜಾಗ ಬಂದವರ ಸರದಿಯಂತೆ. ಹಾಗಾಗಿ ತಮಗೆ ಬೇಕಾದ ಜಾಗ ಹಿಡಿಯಲು ಮೇ 31ರವರೆಗೆ ಕಾಯದೆ ಒಂದೆರಡು ದಿನದ ಮೀನು ಬಿಟ್ಟು ಬರುವವರೂ ಇದ್ದಾರೆ. ಕೊನೆಯ ವಾರದ ಮೀನಿನ ದರ ಮತ್ತು ಡೀಸೆಲಿನ ಖರ್ಚು ನೋಡಿದರೆ ಅದರಲ್ಲಿ ಕಳೆದುಕೊಳ್ಳುವುದು ಎಂತದ್ದೂ ಇಲ್ಲ ಎಂದು ತಂಡೇಲರು ಲೆಕ್ಕ ಬಿಡಿಸಿ ಹೇಳಿದರು. ಯಜಮಾನರಿಬ್ಬರಲ್ಲಿ ಒಬ್ಬರು ಮಾತ್ರ ಒಪ್ಪಿದರು.